ನಡುವಿನ ಬೇರಿಂಗಿಗೆ ಎಣ್ಣೆ

ಪಾಲಿಬೆಟ್ಟ
೧೦ ಜೂನ್ ೨೦೨೪

ಬೆಳ್ಯಪ್ಪ ಮಾವನವರಿಗೆ ರಶ್ಮಿತಾಳ ನಮಸ್ಕಾರ.

ನನ್ನ ಪರಿಚಯ ನಿಮಗಿಲ್ಲ. ಪಾಲಿಬೆಟ್ಟದಲ್ಲಿ ನನ್ನದೊಂದು ಸಣ್ಣ ಗ್ಯಾರೇಜು ಇದೆ. ಎಸ್ಟೇಟ್ ಜೀಪು, ಕಾಫಿ ಹಣ್ಣು ಸುಲಿಯುವ ಪಲ್ಪರ್ ಇಂಜಿನ್, ಮದ್ದು ಹೊಡೆಯುವ ಪಂಪು, ಹೀಗೆ ಬಾಗಿಲಿಗೆ ಬಂದದ್ದನ್ನೆಲ್ಲ ರಿಪೇರಿ ಮಾಡುತ್ತೇನೆ. ಹುಟ್ಟಿದ ಮನೆ ಭಾಗಮಂಡಲದ ಹತ್ತಿರ, ಹಾಗಾಗಿ ನಿಮ್ಮ ಕರಿಕೆಗೆ ನಾನು ಪೂರ್ತಿ ಹೊರಗಿನವಳಲ್ಲ. ಮಾವ ಎಂದು ಕರೆಯುವ ಧೈರ್ಯ ಬಂದದ್ದು ಅದರಿಂದಲೇ.

ಎಷ್ಟೋ ಸಲ ಫೋನ್ ಮಾಡಿದೆ. ಪ್ರತಿ ಸಲವೂ ನಿಮ್ಮ ತಮ್ಮನ ಮಗಳು ಅನುಪಮಾ ಎತ್ತಿ, "ದೊಡ್ಡಪ್ಪ ಫೋನಲ್ಲಿ ಮಾತಾಡೋದಿಲ್ಲ ಅಕ್ಕ, ಬರೀಬೇಕಂತೆ" ಎಂದು ಇಟ್ಟುಬಿಟ್ಟಳು. ಈ ಕಾಲದಲ್ಲಿ ಇನ್‌ಲ್ಯಾಂಡ್ ಪತ್ರ ಕೇಳಿದ್ದಕ್ಕೆ ಪೋಸ್ಟ್ ಆಫೀಸಿನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ವಿಷಯ ಇದು. ನರ್ಸ್ ಬೊಳ್ಳಮ್ಮನವರ ಮೋರಿಸ್ ಮೈನರ್ ಕಾರು ಈಗ ನನ್ನ ಗ್ಯಾರೇಜಿನಲ್ಲಿದೆ. ಎಸ್ಟೇಟಿನ ಕೂಲಿ ಲೈನುಗಳಿಗೆ ಹೆರಿಗೆ ಮಾಡಿಸಲು ಅವರು ಓಡಿಸಿಕೊಂಡು ಹೋಗುತ್ತಿದ್ದ ಅದೇ ಕಾರು. ಈ ಊರಿನ ಅರ್ಧ ಜನರನ್ನು ಮೊದಲು ಎತ್ತಿಕೊಂಡ ಕೈ ಅವರದು. ಈಗ ವಯಸ್ಸು ಎಂಬತ್ತು ದಾಟಿದೆ, ಬಾಯಿಗೆ ಮಾತ್ರ ವಯಸ್ಸಾಗಿಲ್ಲ. ಕಾರು ಶೆಡ್ಡಿನಲ್ಲಿ ನಿಂತೂ ನಿಂತೂ ಇಂಜಿನ್ ತಿರುಗದೆ ಬಿಗಿದುಹೋಗಿದೆ. ಮೈಸೂರಿನ ಒಂದು ಹೋಟೆಲಿನವರು ಅದನ್ನು ಬಾಗಿಲಲ್ಲಿ ನಿಲ್ಲಿಸಿ ಬಾನೆಟ್ಟಿನ ಮೇಲೆ ಹೂಕುಂಡ ಇಡುತ್ತಾರಂತೆ, ಕೊಡಿ ಎಂದು ಬೆನ್ನು ಹತ್ತಿದ್ದಾರೆ. ಬೊಳ್ಳಮ್ಮನವರು ನನಗೆ ಹೇಳಿದ್ದು ಇಷ್ಟೇ: "ಕಾವೇರಿ ಸಂಕ್ರಮಣಕ್ಕೆ ತಲಕಾವೇರಿ ಹತ್ತಿದ್ರೆ ನನ್ನ ಕಾರು. ಹತ್ತದಿದ್ರೆ ಹೂಕುಂಡ."

ನಿಮ್ಮ ವಿಳಾಸ ಕೊಟ್ಟವರೂ ಅವರೇ. ಹಿಂದೊಮ್ಮೆ ಇದೇ ಇಂಜಿನ್ ಬಿಚ್ಚಿ ಕಟ್ಟಿದವರು ನೀವಂತೆ. ಮಡಿಕೇರಿಯ ನಿಮ್ಮ ವರ್ಕ್‌ಶಾಪಿನ ಮುಂದೆ ಗಾಡಿ ಹಾದುಹೋದರೆ ಸಾಕು, ಒಳಗೆ ಕೂತೇ ಯಾವ ಸಿಲಿಂಡರ್ ಕೈಕೊಡುತ್ತಿದೆ ಎಂದು ಹೇಳುತ್ತಿದ್ದಿರಂತೆ. ಅಂಥ ಕಿವಿ ಕೊಡಗಿನಲ್ಲಿ ಇನ್ನೊಂದಿಲ್ಲ ಎಂದರು.

ಇಂಜಿನ್ ಪೂರ್ತಿ ಬಿಚ್ಚಿದ್ದೇನೆ. ಒಳಗೆ ತಿರುಗುವ ದಂಡ, ಕ್ರ್ಯಾಂಕ್ ಶಾಫ್ಟನ್ನು ಸಾಣೆ ಹಿಡಿದುಕೊಟ್ಟವರು ಇದೇ ಕೊನೆಯ ಸಲ, ಇನ್ನು ತೆಗೆಯಲು ಲೋಹ ಉಳಿದಿಲ್ಲ ಎಂದಿದ್ದಾರೆ. ಅಂದರೆ ಒಮ್ಮೆ ಎಣ್ಣೆಯಿಲ್ಲದೆ ತಿರುಗಿ ಗೀರು ಬಿದ್ದರೆ ಅಲ್ಲಿಗೆ ಮುಗಿಯಿತು. ನಾನು ಬರಿಯ ಬ್ಲಾಕಿನಿಂದ ಹಿಡಿದು ಕಾರಿನ ಇಂಜಿನ್ ಕಟ್ಟುತ್ತಿರುವುದು ಇದೇ ಮೊದಲು. ಭಯವಾಗುತ್ತಿದೆ.

ಕೇಳಬೇಕಾದ್ದು ಇಷ್ಟು. ಬ್ಲಾಕಿನೊಳಗೆ ಎಣ್ಣೆ ಓಡುವ ಉದ್ದನೆಯ ತೂತಿನ ಎರಡೂ ತುದಿಗೆ ಹಿತ್ತಾಳೆಯ ಬಿರಡೆ ಬಡಿದಿದ್ದಾರೆ. ಸೋರುವುದಿಲ್ಲ, ಗಟ್ಟಿಯಾಗಿವೆ. ಮುಟ್ಟದೆ ಬಿಡಲೇ, ತೆಗೆಯಲೇ?

ರಶ್ಮಿತಾ


ಕರಿಕೆ
೨೧ ಜೂನ್ ೨೦೨೪

ರಶ್ಮಿತಾ,

ನಿನ್ನ ಅಕ್ಷರ ಚೆನ್ನಾಗಿದೆ. ಪ್ರಶ್ನೆ ಚೆನ್ನಾಗಿಲ್ಲ. ಗಟ್ಟಿಯಾಗಿದೆ ಅಂತ ಬಾಗಿಲು ತೆಗೆಯದೆ ಮನೆ ಗುಡಿಸುತ್ತೀಯಾ?

ಕಬ್ಬಿಣದ ಗಟ್ಟಿಯೊಳಗೆ ದಾರಿ ಮಾಡಬೇಕಾದರೆ ಹೊರಗಿನಿಂದಲೇ ಕೊರೆಯಬೇಕು. ಕೊರೆದ ಮೇಲೆ ಹೊರಗಿನ ಬಾಯಿ ಉಳಿಯುತ್ತದಲ್ಲ, ಅದಕ್ಕೆ ಬಡಿದದ್ದು ಆ ಬಿರಡೆ. ಎಣ್ಣೆ ಅಲ್ಲಿಯವರೆಗೆ ಹೋಗುತ್ತದೆ, ಮುಂದೆ ದಾರಿಯಿಲ್ಲದೆ ನಿಲ್ಲುತ್ತದೆ. ನಿಂತಲ್ಲಿ ಕೊಳೆ ಕೂರುತ್ತದೆ. ಎಷ್ಟೋ ವರ್ಷದ ಕೊಳೆ. ನೀನು ಹೊಸ ಬೇರಿಂಗ್ ಹಾಕಿ ಹೊಸ ಎಣ್ಣೆ ಸುರಿದ ದಿನ ಅದು ಎದ್ದು ಬಂದು ನಿನ್ನ ಕ್ರ್ಯಾಂಕನ್ನು ಮರಳು ಕಾಗದದ ಹಾಗೆ ಉಜ್ಜುತ್ತದೆ.

ಬಿರಡೆಯ ನಡುವೆ ಸಣ್ಣ ತೂತು ಕೊರೆ. ಸ್ಕ್ರೂ ತಿರುಗಿಸಿ ಹಿಡಿದು ಎಳೆ. ಬರುತ್ತದೆ. ಬಾರದಿದ್ದರೆ ಬೈಯುತ್ತಾ ಎಳೆ. ಸೀಮೆಎಣ್ಣೆ ಬಿಟ್ಟು ಉದ್ದನೆಯ ಬ್ರಷ್ಷಿನಿಂದ ತಿಕ್ಕು. ನೀರು ತಿಳಿಯಾಗುವವರೆಗೆ ಅಕ್ಕಿ ತೊಳೆಯುವುದಿಲ್ಲವೇ, ಹಾಗೆ. ಆಮೇಲೆ ಗ್ಯಾರೇಜಿನ ಬಾಗಿಲು ಹಾಕಿ, ಒಂದು ತುದಿಗೆ ಟಾರ್ಚು ಹಿಡಿದು ಇನ್ನೊಂದು ತುದಿಯಿಂದ ನೋಡು. ಏನು ಕಾಣುತ್ತದೆ ಎಂದು ನಾನು ಹೇಳುವುದಿಲ್ಲ. ನೋಡಿ ನೀನೇ ಬರಿ.

ಫೋನಿನ ಮಾತು ಬೇಡ. ಇಲ್ಲಿ ಗಾಳಿ ಬೀಸಿದರೆ ಟವರ್ ಹೋಗುತ್ತದೆ. ಬರೆದರೆ ನಿನಗೂ ಯೋಚಿಸಲು ಸಮಯ ಸಿಗುತ್ತದೆ.

ಬೊಳ್ಳಮ್ಮನವರು ನಡೆದಾಡುತ್ತಾರಾ? ಆ ಕಾರನ್ನು ಅವರು ಎರಡನೇ ಗೇರಿನಲ್ಲೇ ಓಡಿಸುತ್ತಿದ್ದರು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ಬೆಳ್ಯಪ್ಪ


ಪಾಲಿಬೆಟ್ಟ
೬ ಜುಲೈ ೨೦೨೪

ಬೆಳ್ಯಪ್ಪ ಮಾವ,

ಬಿರಡೆ ಬಂತು. ಬೈದೇ ಎಳೆದೆ.

ಹಿಂದೆ ಏನಿತ್ತು ಗೊತ್ತೇ? ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಕಪ್ಪಗಿನ ಮಡ್ಡಿ, ಅದರಲ್ಲಿ ಹೊಳೆಯುವ ಲೋಹದ ಪುಡಿ. ಬೆರಳಲ್ಲಿ ತಿಕ್ಕಿದರೆ ಚರ್ಮ ಚುರುಗುಟ್ಟಿತು. ನೀವು ಬೈಯದೆ ಹೋಗಿದ್ದರೆ ಇದನ್ನೆಲ್ಲ ಒಳಗಿಟ್ಟು ಮುಚ್ಚುತ್ತಿದ್ದೆ.

ತಿಕ್ಕಿ ತೊಳೆದ ಮೇಲೆ ಬಾಗಿಲು ಹಾಕಿ ಟಾರ್ಚು ಹಿಡಿದೆ. ಮಾವ, ಹೇಗೆ ಬರೆಯಲಿ? ಆ ಕಬ್ಬಿಣದ ಗಟ್ಟಿಯ ಆಚೆ ತುದಿಯಲ್ಲಿ ಒಂದು ಬೆಳಕಿನ ಚುಕ್ಕಿ. ಸುತ್ತ ದಾರಿಯ ಗೋಡೆ, ಕೊರೆದವನ ಬೈರಿಗೆ ಸುತ್ತಿದ ಗೆರೆಗಳು ಒಂದೊಂದೂ ಕಾಣುತ್ತವೆ. ಇಂಜಿನ್ ಹುಟ್ಟಿದಾಗ ಯಾವನೋ ಒಬ್ಬ ಹೀಗೆ ಕಣ್ಣಿಟ್ಟು ನೋಡಿ, ಸರಿಯಿದೆ ಎಂದು ಬಿರಡೆ ಬಡಿದಿರಬೇಕು. ಅವನ ನಂತರ ನೀವು. ನಿಮ್ಮ ನಂತರ ನಾನು. ನಡುವೆ ಇದನ್ನು ಯಾರೂ ನೋಡಿಲ್ಲ. ಮೈ ಜುಮ್ಮೆಂದಿತು. ಟಾರ್ಚು ಆರಿಸಲು ಮನಸ್ಸೇ ಬರಲಿಲ್ಲ.

ಬೊಳ್ಳಮ್ಮನವರನ್ನೂ ಕರೆದು ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. "ಇಷ್ಟು ವರ್ಷ ಇದರ ಮೇಲೆ ಕೂತು ಓಡಾಡಿದ್ದೆ, ಒಳಗೆ ಹೀಗುಂಟು ಅಂತ ಒಬ್ಬರೂ ಹೇಳಲಿಲ್ಲ" ಎಂದರು. ಆ ಒಬ್ಬರು ನೀವೇ ಇರಬೇಕು.

ಇನ್ನೇನು ಮಳೆಯ ತಿಂಗಳು ಕಕ್ಕಡ ಬರುತ್ತದೆ. ಈ ಮಳೆಯಲ್ಲಿ ಇಂಜಿನ್ ಕಟ್ಟಿದರೆ ತೇವವನ್ನೂ ಸೇರಿಸಿ ಕಟ್ಟಿದ ಹಾಗೆ. ಕಣಜದ ಹುಳು ಬೇರೆ, ಎಲ್ಲಿ ತೂತು ಕಂಡರೂ ಮಣ್ಣು ಮೆತ್ತಿ ಗೂಡು ಕಟ್ಟುತ್ತದೆ. ಅದಕ್ಕೆ ಬ್ಲಾಕಿನ ತೂತುಗಳನ್ನೆಲ್ಲ ಮನೆಯಲ್ಲಿ ಕಕ್ಕಡಕ್ಕೆ ಕೋವಿಯ ಬಾಯಿ ಮುಚ್ಚುವ ಹಾಗೆಯೇ ಮುಚ್ಚಿ, ಅಟ್ಟದ ಮೇಲೆ ಒಲೆಯ ಕಾವು ತಾಗುವಲ್ಲಿ ಇಟ್ಟಿದ್ದೇನೆ. ಕೈಲ್ ಮುಹೂರ್ತದ ಆಯುಧಪೂಜೆಯ ದಿನ ಕೋವಿಯ ಜೊತೆಗೇ ಇದನ್ನೂ ಇಳಿಸುತ್ತೇನೆ. ಸರಿಯಲ್ಲವೇ?

ರಶ್ಮಿತಾ


ಕರಿಕೆ
೩ ಆಗಸ್ಟ್ ೨೦೨೪

ರಶ್ಮಿತಾ,

ಹಾಳೆಯ ಮೇಲಿನ ನೇರಳೆ ಕಲೆ ಗ್ರೀಸಿನದಲ್ಲ. ಇವತ್ತು ಕಕ್ಕಡ ಹದಿನೆಂಟು, ಅನುಪಮಾ ಮದ್ದುಸೊಪ್ಪಿನ ಪಾಯಸ ಮಾಡಿದ್ದಾಳೆ. ತಿಂದ ಕೈಯಲ್ಲೇ ಬರೆಯುತ್ತಿದ್ದೇನೆ.

ಕೋವಿಯ ಹಾಗೆ ಮುಚ್ಚಿದ್ದು ಬಹಳ ಸರಿ. ಅದಕ್ಕಿಂತ ಒಳ್ಳೆಯ ಕ್ರಮ ನನಗೂ ಗೊತ್ತಿಲ್ಲ. ಆ ಒಂದು ಮಾತಿನಲ್ಲೇ ನೀನು ನಮ್ಮ ಕಡೆಯ ಮನೆಯವಳು ಅಂತ ತಿಳಿಯಿತು.

ಕಟ್ಟುವಾಗ ನೆನಪಿಡು. ಹೊಸ ಹಿತ್ತಾಳೆ ಬಿರಡೆ ಬಡಿದ ಮೇಲೆ ಸುತ್ತಲೂ ಉಳಿಯಿಂದ ಸಣ್ಣಗೆ ಕಚ್ಚಿಸು, ಒತ್ತಡಕ್ಕೆ ಹಾರಬಾರದು. ಮುಂದಿನ ತುದಿಯ ಬಿರಡೆಯನ್ನು ಮರೆತು ಟೈಮಿಂಗ್ ಚೈನಿನ ಮುಚ್ಚಳ ಹಾಕಿದವರು ಬೇಕಾದಷ್ಟು ಜನ ಇದ್ದಾರೆ. ಬೇರಿಂಗಿಗೆ ಎಣ್ಣೆಯನ್ನು ಬೆರಳಿನಿಂದ ಹಚ್ಚು, ಬಟ್ಟೆಯಿಂದ ಬೇಡ. ಬಟ್ಟೆಯ ಒಂದು ಎಳೆ ಸಾಕು ಕೆಡಲು. ಎಣ್ಣೆ ಪಂಪಿನೊಳಗೆ ವ್ಯಾಸಲಿನ್ ತುಂಬು. ಬರಿ ಗಾಳಿಯಿದ್ದರೆ ಪಂಪು ಸುಮ್ಮನೆ ತಿರುಗುತ್ತದೆ, ಕೆಳಗಿನ ತೊಟ್ಟಿಯಿಂದ ಎಣ್ಣೆ ಎಳೆಯುವುದಿಲ್ಲ. ವ್ಯಾಸಲಿನ್ ಇದ್ದರೆ ಹಿಡಿದುಕೊಳ್ಳುತ್ತದೆ, ಆಮೇಲೆ ಕರಗಿ ಎಣ್ಣೆಯಲ್ಲೇ ಹೋಗುತ್ತದೆ.

ಇಂಜಿನ್ ತಿರುಗುವಾಗ ಲೋಹ ಲೋಹವನ್ನು ಮುಟ್ಟುವುದಿಲ್ಲ, ತಿಳಿದಿದೆಯಾ? ಕ್ರ್ಯಾಂಕು ಎಣ್ಣೆಯ ಮೇಲೆ ತೇಲುತ್ತದೆ. ಕೂದಲಿಗಿಂತ ತೆಳುವಾದ ಎಣ್ಣೆಯ ಮೇಲೆ ಅಷ್ಟು ಭಾರ, ಅಷ್ಟು ವೇಗ. ಜೀವಮಾನವಿಡೀ ಈ ಕೆಲಸ ಮಾಡಿದವನು ನಾನು, ಇವತ್ತಿಗೂ ಪೂರ್ತಿ ನಂಬಿಕೆ ಬಂದಿಲ್ಲ.

ಬೆಳ್ಯಪ್ಪ


ಪಾಲಿಬೆಟ್ಟ
೮ ಸೆಪ್ಟೆಂಬರ್ ೨೦೨೪

ಬೆಳ್ಯಪ್ಪ ಮಾವ,

ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್‌ಪೂ ಸಿಕ್ಕಿಸಿದ ಮೇಲೆ ಉಳಿದ ಒಂದು ಹೂವನ್ನು ಬ್ಲಾಕಿಗೂ ಇಟ್ಟೆ. ಮುಚ್ಚಿದ್ದನ್ನೆಲ್ಲ ತೆಗೆದು, ಟಾರ್ಚು ಹಿಡಿದು ಉದ್ದನೆಯ ದಾರಿಯನ್ನು ಮತ್ತೆ ನೋಡಿದೆ. ಬೆಳಕು ಹಾಗೇ ಇತ್ತು. ಹೊಸ ಬಿರಡೆ ಬಡಿದು ಕಚ್ಚಿಸಿದೆ. ಮುಂದಿನದನ್ನು ಮರೆಯಲಿಲ್ಲ.

ಕ್ರ್ಯಾಂಕ್ ಕೂರಿಸಿದ್ದು, ಪಿಸ್ಟನ್ ರಾಡು ಕಟ್ಟಿದ್ದು, ಪಂಪಿಗೆ ವ್ಯಾಸಲಿನ್ ತುಂಬಿದ್ದು ಎಲ್ಲ ನಿಮ್ಮ ಮಾತಿನಂತೆಯೇ. ನಿನ್ನೆ ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸಿದೆ. ತಿರುಗಿಸಿ ತಿರುಗಿಸಿ ಭುಜ ಬಿದ್ದುಹೋಯಿತು. ಇನ್ನೇನು ಬಿಡಬೇಕು ಎನ್ನುವಾಗ ಎಣ್ಣೆಯ ಒತ್ತಡ ತೋರಿಸುವ ಗೇಜಿನ ಮುಳ್ಳು ನಡುಗಿತು. ಆಮೇಲೆ ಎದ್ದು ನಿಂತಿತು. ನನ್ನ ಕಣ್ಣಲ್ಲಿ ನೀರು ಬಂತು, ಬೊಳ್ಳಮ್ಮನವರು ನೋಡಲಿಲ್ಲ ಅಂದುಕೊಂಡಿದ್ದೇನೆ.

ಸ್ಟಾರ್ಟ್ ಮಾಡುವ ದಿನ ನೀವು ಬರಬೇಕು. ವಿರಾಜಪೇಟೆಗೆ ಬಂದರೆ ಜೀಪಿನಲ್ಲಿ ನಾನೇ ಕರೆದುಕೊಂಡು ಬರುತ್ತೇನೆ. ಮೊದಲ ಸದ್ದನ್ನು ಕೇಳಿ ಸರಿಯಿದೆಯೋ ಇಲ್ಲವೋ ಎಂದು ಹೇಳಬೇಕಾದ ಕಿವಿ ನಿಮ್ಮದು. ಬೊಳ್ಳಮ್ಮನವರೂ ಕೇಳುತ್ತಿದ್ದಾರೆ. ಮುಂದಿನ ಭಾನುವಾರದವರೆಗೆ ಕಾಯುತ್ತೇನೆ.

ರಶ್ಮಿತಾ


ಕರಿಕೆ
೧೨ ಸೆಪ್ಟೆಂಬರ್ ೨೦೨೪

ರಶ್ಮಿತಾ,

ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಬೇಗ ತಲುಪಲಿ.

ಸ್ಟಾರ್ಟ್ ಮಾಡಬೇಡ. ಗೇಜಿನ ಮುಳ್ಳು ತಾನು ಕೂತ ಜಾಗದ ಸುದ್ದಿಯನ್ನಷ್ಟೇ ಹೇಳುತ್ತದೆ. ಎಲ್ಲೋ ಒಂದು ಕವಲು ಮುಚ್ಚಿದ್ದರೂ ಅದು ಎದ್ದು ನಿಲ್ಲುತ್ತದೆ. ಕೆಳಗಿನ ತೊಟ್ಟಿ ಬಿಚ್ಚು. ಮದ್ದು ಹೊಡೆಯುವ ಕೈಪಂಪು ನಿನ್ನಲ್ಲಿ ಇರಬೇಕಲ್ಲ. ಮೈಲುತುತ್ತ ತಾಗದ ಹೊಸದನ್ನು ತೆಗೆದುಕೊಂಡು ಎಣ್ಣೆ ತುಂಬಿ, ಅದರ ಪೈಪನ್ನು ಗೇಜು ಕೂರುವ ತೂತಿಗೆ ಸೇರಿಸು. ಒತ್ತುತ್ತಾ ಕೆಳಗಿನಿಂದ ನೋಡು. ಮೂರು ಬೇರಿಂಗಿನಿಂದಲೂ ಎಣ್ಣೆ ಇಳಿಯಬೇಕು. ನಿನ್ನ ಕಣ್ಣಿಂದ ನೋಡಿದ ಮೇಲೆ ಮಾತ್ರ ಮುಂದಿನ ಮಾತು.

ನನಗೆ ಬರಲು ಆಗುವುದಿಲ್ಲ. ಕಾರಣ ಕೇಳಬೇಡ.

ಬೆಳ್ಯಪ್ಪ


ಪಾಲಿಬೆಟ್ಟ
೧೯ ಸೆಪ್ಟೆಂಬರ್ ೨೦೨೪

ಬೆಳ್ಯಪ್ಪನವರಿಗೆ,

ನಿಮ್ಮ ಪತ್ರ ಓದಿ ಸಿಟ್ಟು ಬಂತು. ನನ್ನ ಕೆಲಸದ ಮೇಲೆ ನಂಬಿಕೆಯಿಲ್ಲ, ಬಂದು ನೋಡಲು ಮನಸ್ಸೂ ಇಲ್ಲ ಅಂದುಕೊಂಡೆ. ಆದರೂ ತೊಟ್ಟಿ ಬಿಚ್ಚಿದೆ.

ಬೊಳ್ಳಮ್ಮನವರು ಸ್ಟೂಲ್ ಹಾಕಿಕೊಂಡು ಕೂತಿದ್ದರು. ನಾನು ಪಂಪು ಒತ್ತಿದೆ. ಮೊದಲು ಏನೂ ಇಲ್ಲ. ಆಮೇಲೆ ಮುಂದಿನ ಬೇರಿಂಗಿನ ಅಂಚಿನಲ್ಲಿ ಒಂದು ಹನಿ ಮೂಡಿತು. ಎಲ್ಲಿಂದ ಬಂತು ಎಂದು ಕಾಣುವುದಿಲ್ಲ, ಕಬ್ಬಿಣವೇ ಬೆವರಿದ ಹಾಗೆ. ಹನಿ ದಪ್ಪವಾಯಿತು, ತೂಗಾಡಿತು, ಬಿತ್ತು. ಅದರ ಹಿಂದೆ ಇನ್ನೊಂದು. ಹಿಂದಿನ ಬೇರಿಂಗಿನಲ್ಲೂ ಹಾಗೆಯೇ. ಬೊಳ್ಳಮ್ಮನವರು ಬಗ್ಗಿ ನೋಡಿ, "ಹೆತ್ತವಳಿಗೆ ಮೊದಲ ಹಾಲು ಇಳಿಯೋದು ಹೀಗೇ" ಎಂದರು.

ನಡುವಿನದರಿಂದ ಮಾತ್ರ ಏನೂ ಬರಲಿಲ್ಲ.

ಒತ್ತಿದೆ, ಕ್ರ್ಯಾಂಕ್ ತಿರುಗಿಸಿ ಮತ್ತೆ ಒತ್ತಿದೆ. ಒಣ. ನಡುವಿನ ಎರಡು ರಾಡಿಗೂ ಅಲ್ಲಿಂದಲೇ ಎಣ್ಣೆ ಹೋಗಬೇಕು, ಅವೂ ಒಣ. ಭಾನುವಾರ ನಾನು ಕೀಲಿ ತಿರುಗಿಸಿದ್ದರೆ ಕೊನೆಯ ಸಲ ಸಾಣೆ ಹಿಡಿದ ಆ ಕ್ರ್ಯಾಂಕು ನನ್ನ ಕಣ್ಣೆದುರೇ ಸುಟ್ಟುಹೋಗುತ್ತಿತ್ತು. ಪಂಪು ಕೆಳಗಿಟ್ಟೆ.

ನನ್ನ ತಪ್ಪು ಎಲ್ಲಿ? ಎಲ್ಲ ನಿಮ್ಮ ಮಾತಿನಂತೆಯೇ ಮಾಡಿದ್ದೇನೆ. ಹೋಟೆಲಿನವರು ಮತ್ತೆ ಫೋನ್ ಮಾಡಿದ್ದರು. ಬೊಳ್ಳಮ್ಮನವರು ಈ ಸಲ ಅವರಿಗೆ ಬೈಯಲಿಲ್ಲ, ನೋಡೋಣ ಎಂದಷ್ಟೇ ಹೇಳಿದರು. ನೀವು ಒಮ್ಮೆ ಬಂದು ನೋಡಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ?

ರಶ್ಮಿತಾ


ಕರಿಕೆ
೨೪ ಸೆಪ್ಟೆಂಬರ್ ೨೦೨೪

ರಶ್ಮಿತಾ,

ನಿನ್ನ ಪತ್ರವನ್ನು ಓದಿ ತೋಟಕ್ಕೆ ಹೋದೆ. ನೀನು ಬರೆದದ್ದನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ. ಬ್ಲಾಕನ್ನು ತೊಳೆದಾಗ ದಾರಿ ತೆರೆದಿತ್ತು. ಕಟ್ಟಿದ ಮೇಲೆ ಮುಚ್ಚಿಕೊಂಡಿದೆ. ನಡುವೆ ನಡೆದದ್ದು ಕಕ್ಕಡ ಒಂದೇ.

ಕೋವಿಯ ಬಾಯಿ ಮುಚ್ಚುವ ಹಾಗೆ ಮುಚ್ಚಿದೆ ಎಂದು ನೀನು ಬರೆದಿದ್ದೆ. ನಾನು ಓದಿ ಭೇಷ್ ಎಂದೆ. ನಮ್ಮ ಮನೆಯಲ್ಲಿ ಕೋವಿಗೆ ಎಣ್ಣೆ ಬಟ್ಟೆಯ ಸುರುಳಿ ತುರುಕುತ್ತೇವೆ, ಹೊರಗೆ ಬಾಲ ಬಿಟ್ಟಿರುತ್ತೇವೆ. ಎಳೆದರೆ ಪೂರ್ತಿ ಬರುತ್ತದೆ. ಎಲ್ಲ ಮನೆಯಲ್ಲೂ ಹಾಗೆಯೇ ಅಂದುಕೊಂಡೆ. ನಿಮ್ಮ ಮನೆಯಲ್ಲಿ ಕೋವಿಗೆ ಏನು ಹಾಕುತ್ತೀರಿ? ಭಾಗಮಂಡಲದ ಕಡೆ, ಜೇನು ಸಾಕುವ ಮನೆ ಇರಬಹುದಲ್ಲವೇ?

ಕೇಳದೆ ಹೋದದ್ದು ನಾನು. ನಿನ್ನ ಕೆಲಸದಲ್ಲಿ ತಪ್ಪಿಲ್ಲ.

ಉದ್ದನೆಯ ದಾರಿಯಲ್ಲಿ ಬೆಳಕು ಕಂಡದ್ದು ನಿಜ. ಅಲ್ಲಿಂದ ಬೇರಿಂಗಿಗೆ ಇಳಿಯುವ ಅಡ್ಡದಾರಿಗೆ ಟಾರ್ಚಿನ ಬೆಳಕು ತಿರುಗುವುದಿಲ್ಲ. ಎಲ್ಲ ಬಿಚ್ಚು. ಬಿಸಿ ಎಣ್ಣೆ ಹಾಯಿಸಿ ಕರಗಿಸುವ ಆಸೆ ಬೇಡ, ಕರಗಿದ್ದು ಬೇರಿಂಗಿನಲ್ಲಿ ಹೋಗಿ ಮತ್ತೆ ಕೂರುತ್ತದೆ. ಬಿರಡೆಯನ್ನೂ ತೆಗೆ. ಮೊದಲಿನಿಂದ.

ನಿನಗೆ ಅಳು ಬರುತ್ತದೆ ಎಂದು ಗೊತ್ತು. ಅತ್ತು ಬಿಚ್ಚು.

ಬೆಳ್ಯಪ್ಪ


ಪಾಲಿಬೆಟ್ಟ
೬ ಅಕ್ಟೋಬರ್ ೨೦೨೪

ಬೆಳ್ಯಪ್ಪ ಮಾವ,

ಜೇನುಮೇಣ. ನಮ್ಮ ಅಜ್ಜನ ಕಾಲದಿಂದ ಕೋವಿಯ ಬಾಯಿಗೆ ಅದನ್ನೇ ಮೆತ್ತುವುದು. ಕೋವಿಯಾದರೆ ಹಿಂದಿನಿಂದ ಕೋಲು ತೂರಿ ಮೇಣವನ್ನು ಹೊರಗೆ ದೂಡಬಹುದು, ಅದು ಎರಡೂ ಕಡೆ ತೆರೆದ ನಳಿಗೆ. ಇಂಜಿನ್ನಿನ ಅಡ್ಡದಾರಿಗೆ ಹಿಂದಿನ ಬಾಯಿ ಎಲ್ಲಿದೆ? ನಾನು ಮೇಲೆ ಕಂಡದ್ದನ್ನು ಕೆತ್ತಿ ತೆಗೆದೆ, ಹೆಬ್ಬೆರಳಿಂದ ಒತ್ತಿದ್ದು ಒಳಗೇ ಉಳಿಯಿತು. ನೀವು ಕರಿಕೆಯಲ್ಲಿ ಕೂತು ನನ್ನ ಅಟ್ಟವನ್ನು ನೋಡಿದ ಹಾಗೆ ಬರೆದಿರಿ.

ಅಳುತ್ತಲೇ ಬಿಚ್ಚಿದೆ. ಕುದಿಯುವ ನೀರನ್ನು ಅಡ್ಡದಾರಿಗೆ ಸುರಿದಾಗ ಕಡಲೆಕಾಳಿನಷ್ಟು ಹಳದಿ ಉಂಡೆ ಕೆಳಗಿನ ಬೋಗುಣಿಯಲ್ಲಿ ತೇಲಿತು. ಗ್ಯಾರೇಜಿಗೆಲ್ಲ ಜೇನಿನ ಪರಿಮಳ. ಒಂದು ಇಂಜಿನ್ನನ್ನು ಕೊಲ್ಲಲು ಅಷ್ಟು ಸಾಕಾಗಿತ್ತು ಎಂದರೆ ನಂಬಲಾಗುತ್ತಿಲ್ಲ. ಈ ಸಲ ಪ್ರತಿ ಕವಲಿಗೂ ತಂತಿ ತೂರಿಸಿ, ಸೀಮೆಎಣ್ಣೆ ಹಾಯಿಸಿ, ಗಾಳಿ ಹೊಡೆದು, ಆಮೇಲೆ ಬಿರಡೆ ಬಡಿದೆ.

ಪಂಪು ಒತ್ತುವಾಗ ಬೊಳ್ಳಮ್ಮನವರು ನಡುವಿನ ಬೇರಿಂಗಿನ ಕೆಳಗೆ ಅಂಗೈ ಹಿಡಿದು ಕೂತರು. ಮುಂದಿನದು ಇಳಿಯಿತು, ಹಿಂದಿನದು ಇಳಿಯಿತು. ಆಮೇಲೆ ಅವರ ಅಂಗೈ ಮೇಲೆ ಒಂದು ಹನಿ. ಅವರು ಕೈಯನ್ನು ಹಿಂತೆಗೆಯಲಿಲ್ಲ, ಅಂಗೈ ತುಂಬುವವರೆಗೆ ಹಿಡಿದೇ ಇದ್ದರು. ಆ ಬೆರಳುಗಳು ಎಷ್ಟು ಜೀವ ಇಳಿಸಿಕೊಂಡಿವೆಯೋ!

ನಿನ್ನೆ ಸ್ಟಾರ್ಟ್ ಮಾಡಿದೆವು. ಶುರುವಾಯಿತು! ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅನುಪಮಾಳ ವಾಟ್ಸಾಪಿಗೆ ಕಳಿಸಿದ್ದೇನೆ, ಅವಳು ಭಾಗಮಂಡಲಕ್ಕೆ ಬಂದಾಗ ಟವರ್ ಸಿಕ್ಕಿ ತಲುಪುತ್ತದೆ. ದಯವಿಟ್ಟು ಕೇಳಿ, ವಾಲ್ವ್ ಎತ್ತುವ ಟ್ಯಾಪೆಟ್ಟಿನ ಸದ್ದು ಸರಿಯಿದೆಯೇ ಬರೆಯಿರಿ. ನೀವು ಸರಿ ಎನ್ನದೆ ನಾನು ಇದನ್ನು ತಲಕಾವೇರಿಗೆ ಹತ್ತಿಸುವುದಿಲ್ಲ.

ರಶ್ಮಿತಾ


ಕರಿಕೆ
೧೦ ಅಕ್ಟೋಬರ್ ೨೦೨೪

ರಶ್ಮಿತಾ,

ಅನುಪಮಾ ಅಂಗನವಾಡಿಗೆ ಹೊರಡುವ ಮೊದಲು ಫೋನನ್ನು ನನ್ನ ಕೈಗೆ ಕೊಟ್ಟು ಹೋದಳು. ಕಿವಿಗೆ ಹಿಡಿದು ಪೂರ್ತಿ ಕೇಳಿದೆ. ಚೆನ್ನಾಗಿದೆ. ಓಟ ಸಮವಾಗಿದೆ. ಟ್ಯಾಪೆಟ್ ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತಿದೆ, ಬಿಸಿಯಾದ ಮೇಲೆ ಸರಿಹೋಗುತ್ತದೆ. ನಾಲ್ಕೂ ಸಿಲಿಂಡರ್ ಒಂದೇ ತೂಕಕ್ಕೆ ಹೊಡೆಯುತ್ತಿವೆ. ಧೈರ್ಯವಾಗಿ ಹತ್ತಿಸು.

ಬೆಳ್ಯಪ್ಪ


ಪಾಲಿಬೆಟ್ಟ
೧೩ ಅಕ್ಟೋಬರ್ ೨೦೨೪

ಬೆಳ್ಯಪ್ಪ ಮಾವ,

ನಿಮ್ಮ ಪತ್ರ ಓದಿ ಹಿಗ್ಗಿದೆ. ಟ್ಯಾಪೆಟ್ ಎಷ್ಟು ಗಟ್ಟಿಯಿದೆ ಎಂದು ನಾನೂ ಕೇಳೋಣವೆಂದು ಕಳಿಸಿದ ರೆಕಾರ್ಡನ್ನು ಹಾಕಿದೆ. ಅದರಲ್ಲಿ ಇಂಜಿನ್ನೇ ಇಲ್ಲ. ಗಡಿಬಿಡಿಯಲ್ಲಿ ಮೊದಲೇ ಗುಂಡಿ ಒತ್ತಿದ್ದೇನೆ, ಇಂಜಿನ್ ಸ್ಟಾರ್ಟ್ ಆಗುವ ಮೊದಲೇ ರೆಕಾರ್ಡ್ ನಿಂತುಹೋಗಿದೆ. ಅದರಲ್ಲಿರುವುದು ಬೊಳ್ಳಮ್ಮನವರ ಮಾತು ಮಾತ್ರ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೈಕನ್ನು ಅಡ್ಡ ನಿಲ್ಲಿಸಿದ್ದಕ್ಕೆ ಬೈದು, ಆಮೇಲೆ ನನ್ನ ಹತ್ತಿರ ಕೇಳುತ್ತಾರೆ: "ಬೆಳ್ಯಪ್ಪ ಈಗಲೂ ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಳ್ತಾನಾ?"

ತುಂಬ ಹೊತ್ತು ನಿಮ್ಮ ಪತ್ರಗಳನ್ನೆಲ್ಲ ಹರಡಿಕೊಂಡು ಕೂತೆ. ಫೋನ್ ಬೇಡ ಎಂದಿರಿ. ಬರಲು ಆಗುವುದಿಲ್ಲ, ಕಾರಣ ಕೇಳಬೇಡ ಎಂದಿರಿ. ನಾನು ಅದನ್ನು ಜಂಭ ಅಂದುಕೊಂಡೆ, ಅಪನಂಬಿಕೆ ಅಂದುಕೊಂಡೆ. ಸಿಟ್ಟಿನಲ್ಲಿ ಮಾವ ಎಂದು ಬರೆಯುವುದನ್ನೂ ಒಮ್ಮೆ ಬಿಟ್ಟೆ. ಈಗ ನಾಚಿಕೆಯಾಗುತ್ತಿದೆ. ಎಷ್ಟು ವರ್ಷವಾಯಿತು ಮಾವ, ಏನೂ ಕೇಳಿಸದೆ?

ಉತ್ತರ ಬೇಡ. ಬೊಳ್ಳಮ್ಮನವರಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ.

ಕಿವಿಯಿಂದ ಆಗದಿದ್ದರೇನು, ನಿಮ್ಮ ಕಣ್ಣು, ನಿಮ್ಮ ಬೆರಳು ಇವೆಯಲ್ಲ. ಕಂಡಕ್ಟರ್ ಕೈಯಲ್ಲಿ ಒಂದು ಬಾಟ್ಲಿ ಕಳಿಸಿದ್ದೇನೆ. ಎಸ್ಟೇಟ್ ರಸ್ತೆಯಲ್ಲಿ ಓಡಿಸಿದ ಮೇಲೆ ಇಳಿಸಿದ ಮೊದಲ ಎಣ್ಣೆ ಅದು. ನೋಡಿ. ಅದರಲ್ಲಿ ಲೋಹದ ಪುಡಿ ಕಂಡರೆ ಅನುಪಮಾಳಿಂದ ನನಗೆ ಒಂದು ಫೋನ್ ಮಾಡಿಸಿ, ಕಾರು ಶೆಡ್ಡಿನಲ್ಲೇ ಇರುತ್ತದೆ, ಹೋಟೆಲಿನವರೇ ಬಂದು ಒಯ್ಯಲಿ. ಫೋನ್ ಬಾರದಿದ್ದರೆ ನಾವು ಸಂಕ್ರಮಣಕ್ಕೆ ತಲಕಾವೇರಿ ಹತ್ತುತ್ತೇವೆ. ಹತ್ತಿದರೆ ಅಲ್ಲಿಂದ ಕರಿಕೆಗೆ ಇಳಿಯದೆ ಬೊಳ್ಳಮ್ಮನವರು ಬಿಡುವುದಿಲ್ಲವಂತೆ.

ರಶ್ಮಿತಾ


ಕರಿಕೆ
೧೯ ಅಕ್ಟೋಬರ್ ೨೦೨೪

ರಶ್ಮಿ,

ಏಳು ವರ್ಷ. ಮೊದಲು ಬಲಗಿವಿ, ಆಮೇಲೆ ಎಡದ್ದು. ಇಂಜಿನ್ನುಗಳ ನಡುವೆ ಬದುಕಿದವನಿಗೆ ಅವೇ ಕೊಟ್ಟದ್ದು, ದೂರು ಹೇಳುವುದು ಯಾರಿಗೆ? ನಾಚಿಕೆಗೆ ಸುಳ್ಳು ಬರೆದೆ. ನನ್ನ ಸುಳ್ಳನ್ನು ನಂಬಿ ನೀನು ಘಾಟಿ ಹತ್ತಿಸಿದ್ದರೆ ಎಂದು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಬಾಟ್ಲಿಯನ್ನು ಬಿಸಿಲಿಗೆ ಹಿಡಿದೆ. ಬಿಳಿ ತಟ್ಟೆಗೆ ಸುರಿದು ವಾಲಿಸಿದೆ. ಬೆರಳಲ್ಲಿ ತಿಕ್ಕಿದೆ. ಒಂದು ಮಿಣುಕು ಇಲ್ಲ. ಅಷ್ಟು ಭಾರದ ಲೋಹ ಅಷ್ಟು ಹೊತ್ತು ತಿರುಗಿ, ಒಂದನ್ನೊಂದು ಮುಟ್ಟಿಲ್ಲ. ಅನುಪಮಾ ಫೋನ್ ಹಿಡಿದು ಕಾಯುತ್ತಿದ್ದಳು, ಒಳಗಿಡು ಎಂದು ಕೈ ಮಾಡಿದೆ.

ಸಂಕ್ರಮಣದ ದಿನ ನಾನು ಅಂಗಳಕ್ಕೆ ಬೆನ್ನು ಹಾಕಿ ಮೆಣಸಿನ ಬಳ್ಳಿ ಕಟ್ಟುತ್ತಿದ್ದೆ. ಕೋಳಿಗಳು ಚದುರಿದವು. ತಿರುಗಿ ನೋಡಿದರೆ ಆ ಬೂದು ಮೂತಿ. ಸ್ಟಿಯರಿಂಗಿನಲ್ಲಿ ನೀನು, ಪಕ್ಕದಲ್ಲಿ ತೀರ್ಥದ ಬಿಂದಿಗೆ ಹಿಡಿದ ಬೊಳ್ಳಮ್ಮನವರು. ನೀವಿಬ್ಬರೂ ನನ್ನ ಮುಖ ನೋಡುತ್ತಿದ್ದಿರಿ. ನನಗೆ ಎಲ್ಲಿ ನೋಡಬೇಕು ಎಂದೇ ತಿಳಿಯಲಿಲ್ಲ.

ನೀನು ಬಾನೆಟ್ ಎತ್ತಿದೆ. ಅವರು ಇಳಿದು ಬಂದು ನನ್ನ ಕೈ ಹಿಡಿದು ಇಂಜಿನ್ನಿನ ನೆತ್ತಿಯ ಟ್ಯಾಪೆಟ್ ಕವರಿನ ಮೇಲೆ ಇಟ್ಟರು. ಮೊದಲು ಬರೀ ಬಿಸಿ. ಆಮೇಲೆ ಬೆರಳಿನಿಂದ ಮೊಣಕೈಗೆ, ಅಲ್ಲಿಂದ ಭುಜಕ್ಕೆ ಬಂತು. ಒಂದು, ಮೂರು, ನಾಲ್ಕು, ಎರಡು. ಸಿಲಿಂಡರುಗಳು ಹೊಡೆಯಬೇಕಾದ ಸಾಲಿನಲ್ಲೇ, ಒಂದೂ ತಪ್ಪದೆ. ಅದರ ಕೆಳಗೆ ಇನ್ನೂ ಮೆಲ್ಲಗೆ ಇನ್ನೇನೋ ಹರಿಯುತ್ತಿತ್ತು. ಅದು ಎಣ್ಣೆಯೇ ಎಂದು ನನಗನ್ನಿಸಿತು. ಅದು ಕೈಗೆ ತಿಳಿಯುವಂಥದ್ದಲ್ಲ ಎಂದು ನನಗೂ ಗೊತ್ತು, ನಗಬೇಡ.

ಕಿವಿ ಇದ್ದಾಗ ನಾನು ಇಂಜಿನ್ನನ್ನು ಕೇಳಿದ್ದು ತಪ್ಪು ಹುಡುಕಲಿಕ್ಕೆ. ತಪ್ಪು ಸಿಕ್ಕಿದ ಕೂಡಲೇ ಆರಿಸುತ್ತಿದ್ದೆ, ಸಿಗದಿದ್ದರೆ ಕಳಿಸಿಬಿಡುತ್ತಿದ್ದೆ. ಸರಿಯಿರುವ ಇಂಜಿನ್ನಿನ ಹತ್ತಿರ ಸುಮ್ಮನೆ ನಿಂತದ್ದು ಜೀವಮಾನದಲ್ಲಿ ಇದೇ ಮೊದಲು. ಇಷ್ಟು ದೊಡ್ಡದು ಎಂದು ಗೊತ್ತಿರಲಿಲ್ಲ.

ಇನ್ನೊಮ್ಮೆ ಎಣ್ಣೆ ಬದಲಿಸು, ಫಿಲ್ಟರನ್ನೂ ಬದಲಿಸು. ಎರಡನೇ ಗೇರಿನಲ್ಲೇ ಓಡಿಸಲು ಅವರಿಗೆ ಬಿಡಬೇಡ.

ಕೊನೆಗೆ ಒಂದು ವಿಷಯ. ನನ್ನ ಕೈ ಕವರಿನ ಮೇಲಿದ್ದಾಗ ಬೊಳ್ಳಮ್ಮನವರು ನನ್ನ ಕಡೆ ಬಗ್ಗಿ ಏನೋ ಹೇಳಿದರು. ಕೇಳಿಸಿದವನ ಹಾಗೆ ನಾನು ತಲೆಯಾಡಿಸಿದೆ, ಅಭ್ಯಾಸ ನೋಡು. ಯಾವುದಕ್ಕೆ ಒಪ್ಪಿಕೊಂಡೆನೋ ಗೊತ್ತಿಲ್ಲ. ನೀನು ಹತ್ತಿರವೇ ಇದ್ದೆ. ಬರೆದು ತಿಳಿಸು.

ಬೆಳ್ಯಪ್ಪ


ಪಾಲಿಬೆಟ್ಟ
೨೪ ಅಕ್ಟೋಬರ್ ೨೦೨೪

ಬೆಳ್ಯಪ್ಪ ಮಾವ,

ಹೋಟೆಲಿನವರಿಗೆ ಬೊಳ್ಳಮ್ಮನವರು ನಿನ್ನೆ ಎರಡು ಹೂಕುಂಡ ಕಳಿಸಿಕೊಟ್ಟರು, ಕಾರಿಲ್ಲದೆ.

ನಾನು ಅವರಿಗೆ ಏನೂ ಹೇಳಿರಲಿಲ್ಲ, ಆಣೆ. ಅಂಗಳದಲ್ಲಿ ಅವರು ನಿಮಗೆ ಹೇಳಿದ್ದು ಇದು: "ನಿಂಗೆ ಕಿವಿ ಕೇಳೋದಿಲ್ಲ ಅಂತ ನಂಗೆ ಗೊತ್ತುಂಟು ಬೆಳ್ಯಪ್ಪ. ತಲೆ ಆಡಿಸೋದು ಬೇಡ. ಕೈ ಮಾತ್ರ ತೆಗೀಬೇಡ."

ನೀವು ತಲೆಯಾಡಿಸಿದ್ದು ಅದಕ್ಕೆ.

ರಶ್ಮಿತಾ